ಅಮ್ಮನಿಗೆ ಕೊಡದ ರೊಟ್ಟಿ

ಅಕ್ಟೋಬರ್ ೧೪, ಮಂಗಳವಾರ
ಅಂಗಡಿಯಿಂದ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿಯ ನಮಸ್ಕಾರ. ಊರಿಗೆಲ್ಲ ನೀನು ಫಾದರ್. ನನಗೆ ಮಾತ್ರ ಇನ್ನೂ ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು, ಹಾಸಿಗೆಯ ಹೊದಿಕೆ ಹೆಗಲಿಗೇರಿಸಿಕೊಂಡು, ನನಗೂ ತಮ್ಮ ಪುಟ್ಟನಿಗೂ ಗಂಟೆಗಟ್ಟಲೆ ಉಪದೇಶ ಮಾಡುತ್ತಿದ್ದ ಅಣ್ಣನೇ. ಆಗಲೂ ನಾವು ಎದ್ದು ಹೋಗುವ ಹಾಗಿರಲಿಲ್ಲ, ಈಗಲೂ ಇಲ್ಲ. ಅದಕ್ಕೇ ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಆಶೀರ್ವಾದ ಮಾಡಿ ಇಟ್ಟುಬಿಡುತ್ತೀಯ.

ಈ ಪೆಟ್ಟಿಗೆಯಲ್ಲಿ ನಿಮ್ಮ ಏಕತಾ ಸಮ್ಮೇಳನದ ಒಂಬತ್ತು ಶಾಲುಗಳಿವೆ. ಒಂದೊಂದರ ಒಳಮಗ್ಗುಲಲ್ಲೂ ಚೀಟಿ ಚುಚ್ಚಿದ್ದೇನೆ, ಅದಲುಬದಲು ಮಾಡಬೇಡಿ. ಮೌಲ್ವಿ ಸಾಹೇಬರು ಎತ್ತರದ ಮನುಷ್ಯ, ಯೆಹೂದಿಗಳ ಗುರು ರಬ್ಬಿ ಕುಳ್ಳು, ನಿಮ್ಮ ಬಿಷಪ್ಪರ ಹೆಗಲು ಒಂದು ಕಡೆ ಜೋಲುತ್ತದೆ. ಬಣ್ಣದ ವಿಷಯದಲ್ಲಿ ನಿಮ್ಮ ಸಮಿತಿಯವರು ನನ್ನ ತಲೆ ಚಿಟ್ಟು ಹಿಡಿಸಿದ್ದು ನಿನಗೆ ಗೊತ್ತೋ ಇಲ್ಲವೋ. ಮೊದಲು ನೇರಳೆ ಎಂದರು. ಅದು ನಮ್ಮಲ್ಲಿ ಉಪವಾಸದ ಕಾಲದ ಬಣ್ಣ ಎಂದು ಒಂದು ಚರ್ಚಿನವರು ಮುಖ ಸಿಂಡರಿಸಿದರು. ಹಸಿರು ಎಂದರೆ ಅದು ಮುಸ್ಲಿಮರದಾಗುತ್ತದೆ ಎಂದು ಇವರು, ನೀಲಿ ಎಂದರೆ ಯೆಹೂದಿಗಳದಾಗುತ್ತದೆ ಎಂದು ಅವರು. ಬಿಳಿ ಸರಿಹೋಗಬಹುದು ಎಂದು ನಾನು ಬಟ್ಟೆ ಕತ್ತರಿಸಿಯೂ ಆಗಿತ್ತು. ಅಷ್ಟರಲ್ಲಿ ಇನ್ನೊಂದು ಚರ್ಚಿನ ಪಾಸ್ಟರು ಬಂದು, ಬಿಳಿ ಅಂದರೆ ನಾವೂ ಫಾದರುಗಳ ಹಾಗೆ ನಿಲುವಂಗಿ ಹಾಕಿಕೊಂಡಂತೆ ಕಾಣುತ್ತದೆ ಎಂದು ತಗಾದೆ ತೆಗೆದರು. ಕೊನೆಗೆ ಬೂದು. ಯಾರಿಗೂ ಬೇಡದ ಬಣ್ಣ ಎಲ್ಲರಿಗೂ ಒಪ್ಪಿಗೆಯಾಯಿತು. ನೀವೆಲ್ಲ ವೇದಿಕೆಯ ಮೇಲೆ ಸಾಲಾಗಿ ಕೂತರೆ ಆಸ್ಪತ್ರೆಯ ಕಂಬಳಿ ಒಣಗಲು ಹಾಕಿದಂತೆ ಕಾಣುತ್ತೀರಿ. ಅದು ನನ್ನ ಹೊಲಿಗೆಯ ತಪ್ಪಲ್ಲ.

ಈಗ ನೀನು ಕಾಯುತ್ತಿರುವ ಉತ್ತರಕ್ಕೆ ಬರುತ್ತೇನೆ. ನಿನ್ನ ಕಾರ್ಯದರ್ಶಿ ನಿನ್ನೆ ಅಂಗಡಿಗೆ ಬಂದಿದ್ದ. ಭಾನುವಾರ ನಾನು ಮುಂದಿನ ಸಾಲಿನಲ್ಲಿ ಕೂತಿರಬೇಕಂತೆ. ನೀನು ಅಮ್ಮನ ಕೊನೆಯ ದಿನದ ಕಥೆ ಹೇಳಿ ಮುಗಿಸಿದ ಕೂಡಲೆ ನನ್ನ ಕಡೆ ಕೈ ತೋರಿಸುತ್ತೀಯಂತೆ. ನಾನು ಎದ್ದು ನಿಂತು, ಹೌದು, ನಾನೇ ಕಣ್ಣಾರೆ ಕಂಡೆ ಎನ್ನಬೇಕಂತೆ. "ಒಂದೇ ಒಂದು ಮಾತು ಅಕ್ಕಾ, ಜನ ಕರಗಿ ಹೋಗ್ತಾರೆ" ಎಂದ. ಒಳ್ಳೆಯ ಹುಡುಗ. ನೀನು ಬರೆದುಕೊಟ್ಟದ್ದನ್ನು ಓದಿ ಅವನೇ ಮೊದಲು ಕರಗಿದ್ದಾನೆ.

ಅಣ್ಣ, ನಾನು ಎದ್ದು ನಿಲ್ಲುವುದಿಲ್ಲ.

ಆ ಕಥೆ ನನಗೆ ತಲುಪಿದ ಬಗೆಯನ್ನು ಕೇಳು. ಹೋದ ತಿಂಗಳು ಬಟ್ಟೆ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಪೇಪರ್ ಬಿಚ್ಚಿ ನನ್ನ ಮುಂದೆ ಹಿಡಿದಳು. ನಿನ್ನ ಫೋಟೋ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ತಾಯಿಯ ಹಾಸಿಗೆಯ ಸುತ್ತ ಮೂರು ಧರ್ಮ". ಒಬ್ಬ ಮಗ ಹಳೆಯ ಚರ್ಚಿನ ಗುರು, ಇನ್ನೊಬ್ಬ ಮಗ ಹೊಸ ಸಭೆಯ ಪಾಸ್ಟರ್. ಇಬ್ಬರೂ ತಾಯಿಯ ಒಂದೊಂದು ಕೈ ಹಿಡಿದರು. ಪಕ್ಕದ ಹಾಸಿಗೆಯ ಮುಸ್ಲಿಂ ಸೋದರಿ ತನ್ನ ಪ್ರಾರ್ಥನೆ ಹೇಳಿದಳು, ಎದುರಿನ ಹಾಸಿಗೆಯ ಯೆಹೂದಿ ಅಜ್ಜಿ ಕೀರ್ತನೆ ಹಾಡಿದಳು. ತಾಯಿ ನಗುನಗುತ್ತ ಪರಮಪ್ರಸಾದದ ರೊಟ್ಟಿ ಸ್ವೀಕರಿಸಿ ಕಣ್ಣು ಮುಚ್ಚಿದಳು. "ಮೂರು ಧರ್ಮಕ್ಕೂ ಮೂಲಪುರುಷನಾದ ಅಬ್ರಹಾಮನ ಮಕ್ಕಳು ಒಂದಾಗುವುದನ್ನು ನಾನು ಆ ವಾರ್ಡಿನಲ್ಲಿ ಕಂಡೆ" ಎಂದು ನೀನು ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ನಿಲ್ಲಲೇ ಇಲ್ಲವಂತೆ. ಆ ಹೆಂಗಸು ನನ್ನ ಕೈ ಹಿಡಿದು ಗಳಗಳನೆ ಅತ್ತಳು. ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ದೇವರು ದೊಡ್ಡವನು. ಇಲ್ಲದಿದ್ದರೆ ಅವತ್ತೇ ಏನು ಹೇಳುತ್ತಿದ್ದೆನೋ.

ನೀನು ಮರೆತಿದ್ದೀಯ ಎಂದು ನಾನು ನಂಬುವುದಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಯಾರಾದರೂ ಒಬ್ಬರು ಒಂದು ಸಲ ಬರೆಯಲಿ.

ಪುಟ್ಟ ನಿನ್ನ ಚರ್ಚು ಬಿಟ್ಟು ಆ ಟೈರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸಭೆ ಶುರು ಮಾಡಿದಾಗಿನಿಂದ ನಮ್ಮ ಮನೆಯ ಊಟದ ಮೇಜು ಎರಡಾಯಿತು. ಅವನು ಹೇಳುವುದು, ಕೂಸಿನ ತಲೆಗೆ ನೀರು ಹಾಕಿದರೆ ಅದು ದೀಕ್ಷಾಸ್ನಾನವಲ್ಲ, ಬುದ್ಧಿ ಬಲಿತ ಮೇಲೆ ಪೂರ್ತಿ ಮುಳುಗಬೇಕು ಎಂದು. ನೀನು ಹೇಳುವುದು, ಒಮ್ಮೆ ಆದದ್ದು ಆಯಿತು, ಎರಡನೆಯ ಸಲ ಮುಳುಗುವವರು ಮೊದಲನೆಯದಕ್ಕೆ ಉಗುಳಿದ ಹಾಗೆ ಎಂದು. ಆಮೇಲೆ ನೀವಿಬ್ಬರೂ ಒಂದು ಮೇಜಿನಲ್ಲಿ ಕೂತದ್ದನ್ನು ನಾನು ನೋಡಲಿಲ್ಲ. ಅಮ್ಮ ಮಾತ್ರ ಬೆಳಗಿನ ಮೊದಲ ಪೂಜೆಗೆ ನಿನ್ನ ಚರ್ಚಿಗೆ ಬರುತ್ತಿದ್ದಳು, ಅಲ್ಲಿಂದ ಸೀದಾ ಮಾರ್ಕೆಟ್ ದಾಟಿ ಅವನ ಹಾಲ್‌ನ ಮೆಟ್ಟಿಲು ಹತ್ತುತ್ತಿದ್ದಳು. ನಿನ್ನ ಕೈಯಿಂದ ತೆಳ್ಳನೆಯ ಬಿಳಿ ರೊಟ್ಟಿ ತಿನ್ನುತ್ತಿದ್ದಳು. ಅದೇ ಪ್ರಸಾದಕ್ಕೆ ಅವನ ಹಾಲ್‌ನಲ್ಲಿ ಬ್ರೆಡ್ಡಿನ ತಟ್ಟೆ ಬಂದಾಗ ಕೈ ಕಟ್ಟಿ ಕೂರುತ್ತಿದ್ದಳು. ಮುಳುಗದವರಿಗೆ ಕೊಡುವುದಿಲ್ಲ ಎಂದು ಅವನ ನಿಯಮ. ಹೆತ್ತ ತಾಯಿಯ ಮುಂದೆ ತಟ್ಟೆ ದಾಟಿಸುವಾಗ ಪುಟ್ಟ ಮುಖ ಆಚೆ ತಿರುಗಿಸುತ್ತಾನೆ ಎಂದು ಅಮ್ಮ ನನಗೆ ಹೇಳಿದ್ದಳು.

ಆಮೇಲೆ ಅವಳು ಮಾಡಿದ ಕೆಲಸ ನಿನಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ನನಗೆ ಅದಕ್ಕೆ ಎರಡು ವರ್ಷ ಮುಂಚೆಯೇ ಗೊತ್ತಿತ್ತು. ನೀರಿಗಿಳಿಯುವ ಅಂಗಿ ಹೊಲಿದವಳೇ ನಾನು. ಬಿಳಿ ಕಾಟನ್, ಉದ್ದ ತೋಳು, ಅಂಚಿನೊಳಗೆ ಸುತ್ತಲೂ ಸೀಸದ ಗುಂಡು ಹಾಕಿದ್ದೆ, ನೀರಿನಲ್ಲಿ ಬಟ್ಟೆ ಮೇಲೆದ್ದು ಅವಳ ಮಾನ ಹೋಗಬಾರದಲ್ಲ. ಎಪ್ಪತ್ತು ದಾಟಿದ ಮುದುಕಿ, ಬಾಯಿ ಕೊಯ್ದು ಅಗಲ ಮಾಡಿದ ನೀಲಿ ಪ್ಲಾಸ್ಟಿಕ್ ಟ್ಯಾಂಕಿನ ನೀರಿನೊಳಗೆ ಇಳಿದು ಮುಳುಗಿ ಎದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಟವೆಲ್ ಸುತ್ತುವಾಗ ನಾನು ಬೈದೆ. ಅದಕ್ಕೆ ಅವಳು ನಕ್ಕು, "ಸುಮ್ನಿರೇ, ಮಗನ ಮನೇಲಿ ಒಂದ್ಸಲ ಸ್ನಾನ ಮಾಡ್ದೆ ಅಷ್ಟೆ. ಇನ್ಮೇಲೆ ಇಬ್ಬರ ಮನೇಲೂ ಉಣ್ಬಹುದು" ಎಂದಳು.

ಇಷ್ಟೇ ಅವಳ ತಪ್ಪು. ಇಬ್ಬರು ಮಕ್ಕಳ ಮನೆಯಲ್ಲೂ ಉಣ್ಣಬಹುದು ಎಂದುಕೊಂಡದ್ದು.

ಮಾರ್ಚಿನಲ್ಲಿ ಅವಳು ಆಸ್ಪತ್ರೆ ಸೇರಿದಳು. ಡಾಕ್ಟರು ಇನ್ನು ಹೆಚ್ಚು ದಿನ ಇಲ್ಲ ಎಂದಾಗ ಅಮ್ಮ ಕೇಳಿದ್ದು ಒಂದೇ: ಇಬ್ಬರೂ ಬರಲಿ, ಇಬ್ಬರ ಕೈಯಿಂದಲೂ ಒಂದೊಂದು ತುಣುಕು ಬೇಕು ಎಂದು. ನಾನೇ ಇಬ್ಬರಿಗೂ ಹೇಳಿ ಕಳಿಸಿದೆ. ನೀನು ಬೆಳ್ಳಿಯ ಡಬ್ಬಿಯಲ್ಲಿ ತಂದೆ. ಅವನು ಟಿಫಿನ್ ಡಬ್ಬಿಯಲ್ಲಿ ತಂದ. ಇಬ್ಬರೂ ಒಂದೇ ಲಿಫ್ಟಿನಲ್ಲಿ ಮೇಲೆ ಬಂದಿರಿ, ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು. ವಾರ್ಡಿನ ಬಾಗಿಲಲ್ಲಿ ಯಾರು ಮೊದಲು ಒಳಗೆ ಹೋಗುವುದು ಎಂಬಲ್ಲಿಂದ ಶುರುವಾಯಿತು. ನಾನು ಹಿರಿಯ, ಮೊದಲು ನಾನೇ ಕೊಡುತ್ತೇನೆ ಎಂದು ನೀನಂದೆ. ಅವನಿಗೆ ಎಲ್ಲಿಂದ ರೋಷ ಬಂತೋ, "ಅಮ್ಮ ಈಗ ನಮ್ ಸಭೆಯೋಳು. ನಾನೇ ನನ್ ಕೈಯಾರೆ ಮುಳುಗಿಸಿದ್ದೀನಿ" ಎಂದುಬಿಟ್ಟ.

ನಿನ್ನ ಮುಖ ಬಿಳಿಚಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು. ಮೆಲ್ಲಗೆ ಹಾಸಿಗೆಯ ಹತ್ತಿರ ಹೋಗಿ ಬಾಗಿ ಕೇಳಿದೆ, "ನಿಜಾನಾಮ್ಮ?" ಎಂದು. ಅಮ್ಮ ತಲೆಯಾಡಿಸಿದಳು, ಮಗ ಖುಷಿಪಡುತ್ತಾನೇನೋ ಎನ್ನುವ ಹಾಗೆ ನಿನ್ನನ್ನೇ ನೋಡಿದಳು. ನೀನು ಡಬ್ಬಿಯ ಮುಚ್ಚಳ ತೆರೆದಿದ್ದವನು ಮುಚ್ಚಿದೆ. "ಆ ಮುಳುಗಿದ್ದು ತಪ್ಪು ಅಂತ ಒಂದು ಮಾತು ಹೇಳಮ್ಮ, ಸಾಕು, ತಕ್ಷಣ ಕೊಡ್ತೀನಿ" ಎಂದೆ. ಆ ಕಡೆಯಿಂದ ಪುಟ್ಟ, "ಹೇಳ್ಬೇಡಮ್ಮ. ಹೇಳಿದ್ರೆ ನನ್ ಕೈಯಿಂದ ನಾನು ಕೊಡೋಹಾಗಿಲ್ಲ" ಎಂದ. ನೀನು ಈ ಕಡೆ, ಅವನು ಆ ಕಡೆ. ಕೈ ಹಿಡಿದದ್ದು ನಿಜ ಅಣ್ಣ, ಅಷ್ಟು ಮಾತ್ರ ಪೇಪರಿನವರು ಸರಿಯಾಗಿ ಬರೆದಿದ್ದಾರೆ. ಒಬ್ಬೊಬ್ಬರು ಒಂದೊಂದು ಕೈ ಹಿಡಿದುಕೊಂಡು ಜಗ್ಗಾಡಿದಿರಿ. ಸಲೈನಿನ ಸೂಜಿ ಚುಚ್ಚಿದ್ದ ಕೈ ನಿನ್ನ ಪಾಲಿಗೆ ಬಂದಿತ್ತು.

ಅಮ್ಮ ಒಂದು ಸಲ ನಿನ್ನನ್ನು ನೋಡಿದಳು, ಒಂದು ಸಲ ಅವನನ್ನು ನೋಡಿದಳು. ಆಮೇಲೆ ಎರಡು ಕೈಯನ್ನೂ ಬಿಡಿಸಿಕೊಂಡು ಹೊದಿಕೆಯೊಳಗೆ ಎಳೆದುಕೊಂಡಳು. ನಗಲಿಲ್ಲ. ಯಾವ ರೊಟ್ಟಿಯನ್ನೂ ತಿನ್ನಲಿಲ್ಲ.

ಇನ್ನು ನಿನ್ನ ಉಳಿದ ಎರಡು ಧರ್ಮಗಳು. ಪಕ್ಕದ ಹಾಸಿಗೆಯ ಮುಸ್ಲಿಂ ಸೋದರಿ ಎಂದು ನೀನು ಹೇಳಿದ್ದು ಆ ಸ್ಕೂಲ್ ಟೀಚರನ್ನು. ಅವಳು ತನ್ನ ತಾಯಿಯನ್ನು ನೋಡಿಕೊಳ್ಳಲು ಇದ್ದವಳು. ಅವಳು ಯಾವ ಪ್ರಾರ್ಥನೆಯನ್ನೂ ಹೇಳಲಿಲ್ಲ. ಪರದೆ ಸರಿಸಿ, "ನಮ್ಮಮ್ಮ ಈಗಷ್ಟೇ ನಿದ್ದೆ ಹೋಗಿದಾರೆ, ದಯವಿಟ್ಟು ಆಚೆ ಹೋಗಿ ಜಗಳ ಆಡ್ತೀರಾ?" ಎಂದಳು. ನೀನು ಅವಳಿಗೂ ಆಶೀರ್ವಾದ ಮಾಡಿದೆ. ಎದುರಿನ ಹಾಸಿಗೆಯ ಯೆಹೂದಿ ಅಜ್ಜಿ ಹಾಡಲಿಲ್ಲ. ಅವಳಿಗೆ ಮೂಗಿನಲ್ಲಿ ಆಕ್ಸಿಜನ್ ನಳಿಗೆ ಇತ್ತು, ಹಾಡುವುದೆಲ್ಲಿಂದ ಬಂತು? ನೀವಿಬ್ಬರೂ ಹೊರಗೆ ಹೋದ ಮೇಲೆ ಅವಳು ನನ್ನನ್ನು ಬೆರಳಲ್ಲಿ ಕರೆದಳು. ಕರೆದು, "ನಿಮ್ಮಲ್ಲೂ ಹೀಗೇನಾ? ನಾನು ನಮ್ಮಲ್ಲಿ ಮಾತ್ರ ಅಂದ್ಕೊಂಡಿದ್ದೆ" ಎಂದು ನಕ್ಕಳು. ಅವಳ ಮಗ ಮಡಿವಂತಿಕೆ ಹೆಚ್ಚಾದ ಮೇಲೆ ತಾಯಿಯ ಮನೆಯಲ್ಲಿ ನೀರೂ ಕುಡಿಯುವುದಿಲ್ಲವಂತೆ, ಬರುವಾಗ ತನ್ನ ಲೋಟ ತಾನೇ ತರುತ್ತಾನಂತೆ. ಟೀಚರ್ ಪರದೆಯಾಚೆಯಿಂದಲೇ ಕೇಳಿಸಿಕೊಂಡು ಎದ್ದು ಬಂದಳು. ಅವಳ ಸೋದರಮಾವಂದಿರಿಬ್ಬರಲ್ಲಿ ಒಬ್ಬರು ನಮಾಜು ಮಾಡಿಸಿದರೆ ಇನ್ನೊಬ್ಬರು ಅವರ ಹಿಂದೆ ನಿಲ್ಲುವುದಿಲ್ಲ, ಅವಳ ಅಪ್ಪ ತೀರಿಕೊಂಡಾಗ ಎರಡೆರಡು ಸಲ ನಮಾಜಾಯಿತಂತೆ. ನಾವು ಮೂವರೂ ಕೂತು ನಮ್ಮ ನಮ್ಮ ಗಂಡಸರನ್ನು ಬೈದೆವು. ಟೀಚರ್ ಮಷೀನಿನಿಂದ ಟೀ ತಂದುಕೊಟ್ಟಳು. ನೀನು ಕಂಡೆ ಎನ್ನುವ ಒಗ್ಗಟ್ಟು ಆ ವಾರ್ಡಿನಲ್ಲಿ ಇದ್ದದ್ದು ಅಷ್ಟೇ, ಅದೂ ನೀನು ಮೆಟ್ಟಿಲಿಳಿದು ಹೋದ ಮೇಲೆ.

ಮಾರನೆಯ ದಿನ ಬೆಳಗ್ಗೆ ಅಮ್ಮ ಹೋಗಿಬಿಟ್ಟಳು. ನಿಮ್ಮಿಬ್ಬರನ್ನು ಕರೆಸಲು ಹೊತ್ತು ಸಿಗಲಿಲ್ಲ ಎಂದು ಅವತ್ತೇ ಹೇಳಿದ್ದೇನೆ.

ನಿನ್ನೊಬ್ಬನ ಮೇಲೇ ಹರಿಹಾಯುತ್ತಿದ್ದೇನೆ ಎಂದುಕೊಳ್ಳಬೇಡ. ಪುಟ್ಟನೂ ಏನು ಕಡಿಮೆಯಿಲ್ಲ. ಅವನ ಹಾಲ್‌ನಲ್ಲಿ ಅಮ್ಮನದು ಬೇರೆಯೇ ಅವತಾರ. ಅಲ್ಲಿ ಅವಳು ಪ್ರಾಣ ಹೋಗುವ ಹೊತ್ತಿನಲ್ಲೂ ನಿನ್ನ ಬಿಳಿ ರೊಟ್ಟಿಯನ್ನು ಕೈಯಲ್ಲಿ ತಳ್ಳಿ, ನಿಜವಾದ ನಂಬಿಕೆಯನ್ನು ಬಿಡದೆ ಗೆದ್ದು ಹೋದ ವೀರಮಾತೆ. ಅವನೂ ನನ್ನನ್ನು ಸಾಕ್ಷಿಗೆ ಕರೆದಿದ್ದ, ನಿನಗಿಂತ ಮೊದಲೇ. ಅವನಿಗೂ ಇಲ್ಲ ಎಂದೆ. ಅದಕ್ಕೆ ಮುನಿಸಿಕೊಂಡು ಎರಡು ತಿಂಗಳಾಯಿತು, ಅಂಗಡಿಯ ಮುಂದೆ ಹಾದುಹೋದರೂ ತಲೆ ಎತ್ತುವುದಿಲ್ಲ. ಒಬ್ಬಳು ತಾಯಿ ಸತ್ತದ್ದು ಒಂದೇ ಸಲ. ಇಬ್ಬರು ಮಕ್ಕಳು ಎರಡು ಕಥೆ ಕಟ್ಟಿದ್ದೀರಿ, ಎರಡರಲ್ಲೂ ಅವಳಿಲ್ಲ.

ನೀನು ಅಂಗಡಿಗೆ ಬಂದಾಗಲೆಲ್ಲ ಕೇಳುತ್ತಿದ್ದೆ, ಚರ್ಚುಗಳು ಯಾವತ್ತಾದರೂ ಒಂದಾಗುತ್ತವೆ ಅನ್ನಿಸುತ್ತಾ, ಆಮೇಲೆ ನಾವೂ ಅವರೂ ಎಲ್ಲ ಒಂದಾಗುತ್ತೇವೆ ಅನ್ನಿಸುತ್ತಾ ಎಂದು. ನಾನು ಹೊಲಿಗೆ ಮಷೀನು ತುಳಿಯುತ್ತ ಹೂಂಗುಟ್ಟುತ್ತಿದ್ದೆ. ಈಗ ಕೇಳಿದರೆ ಇಲ್ಲ ಎನ್ನುತ್ತೇನೆ. ನೀವು ಒಬ್ಬರ ಕೈ ಒಬ್ಬರು ಹಿಡಿದು ಫೋಟೋಗೆ ನಿಲ್ಲುವುದು ನಿಮಗೆ ಏನೂ ನೋಯದ ಜಾಗದಲ್ಲಿ ಮಾತ್ರ. ರಬ್ಬಿಯನ್ನು ಅಪ್ಪಿಕೊಂಡರೆ ನಿನ್ನದೇನು ಹೋಗುತ್ತದೆ? ಅವರು ನಿನ್ನ ರೊಟ್ಟಿ ಕೇಳುವವರಲ್ಲ. ಮೌಲ್ವಿಯವರನ್ನು ಸೋದರ ಎಂದರೆ ಅವರೇನು ನಿನ್ನ ಪೂಜೆಗೆ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾರೆಯೇ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಟಿಫಿನ್ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ ನಿನ್ನ ಕೈ ಮುಂದೆ ಬರಲಿಲ್ಲ. ಅಬ್ರಹಾಮನ ತನಕ ಹೋಗುವುದು ಆಮೇಲಿನ ಮಾತು, ನಮ್ಮಪ್ಪನ ಮಕ್ಕಳ ಕಥೆಯೇ ಹೀಗಿದೆ.

ಒಂದು ಮಾತು ಮಾತ್ರ ನಿನ್ನ ಪರವಾಗಿ ಹೇಳಬೇಕು. ಅವತ್ತು ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ನೀನು ಡಬ್ಬಿಯನ್ನು ಎದೆಗೊತ್ತಿಕೊಂಡು ಅಳುತ್ತಿದ್ದೆ. ನಾನು ನೋಡಿದೆ, ನೀನು ನನ್ನನ್ನು ನೋಡಲಿಲ್ಲ. ಆ ರೊಟ್ಟಿ ನಿನ್ನ ಸ್ವಂತದ್ದಲ್ಲ, ಕೊಡುವ ಅಧಿಕಾರ ನಿನಗಿಲ್ಲ ಎಂದು ನೀನು ಮನಸಾರೆ ನಂಬಿದ್ದೀಯ. ಆ ನಂಬಿಕೆ ಬರೀ ನಾಟಕ ಎಂದು ನಾನು ಹೇಳುವುದಿಲ್ಲ. ಪುಟ್ಟನೂ ಹಾಗೇ, ಕೊಡಲಾರದೆ ಒದ್ದಾಡಿದ. ಆದರೆ ಅದನ್ನೇ ಭಾನುವಾರ ಹೇಳು ಅಣ್ಣ. ಬೂದು ಶಾಲು ಹೊದ್ದುಕೊಂಡು ಅಷ್ಟು ಜನರ ಮುಂದೆ ನಿಂತು, "ನಮ್ಮಮ್ಮ ಕೇಳಿದಳು, ನಾನು ಕೊಡಲಿಲ್ಲ, ನನ್ನ ತಮ್ಮನೂ ಕೊಡಲಿಲ್ಲ" ಎಂದು ಹೇಳಿ ಕೂತುಕೋ. ಚಪ್ಪಾಳೆ ಬೀಳುವುದಿಲ್ಲ. ಬಿಷಪ್ಪರು ಜೋಲುವ ಹೆಗಲನ್ನು ಇನ್ನಷ್ಟು ಜೋಲಿಸಿ ನಿನ್ನ ಕಡೆ ನೋಡುತ್ತಾರೆ. ಮುಂದಿನ ವರ್ಷದ ಅಧ್ಯಕ್ಷ ಸ್ಥಾನವೂ ಹೋಗಬಹುದು. ಆದರೆ ಮೌಲ್ವಿ ಸಾಹೇಬರ ಮನೆಯಲ್ಲೂ, ರಬ್ಬಿಯ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಅವರು ನಿನ್ನನ್ನು ಆಗ ಅಪ್ಪಿಕೊಂಡರೆ ಅದನ್ನು ನಾನು ನಂಬುತ್ತೇನೆ.

ನೀನು ಹೇಳುವುದಿಲ್ಲ ಎಂದೂ ನನಗೆ ಗೊತ್ತು. ನಿನ್ನನ್ನು ಸ್ಟೂಲಿನ ಕಾಲದಿಂದ ನೋಡುತ್ತಿದ್ದೇನೆ.

ಶಾಲುಗಳನ್ನು ಇಸ್ತ್ರಿ ಮಾಡಿಸುವಾಗ ಒದ್ದೆ ಬಟ್ಟೆ ಹಾಸಿ ಮಾಡಿಸು, ಇಲ್ಲದಿದ್ದರೆ ಹೊಳಪು ಕಟ್ಟುತ್ತದೆ. ನಿನ್ನ ಎದೆಯ ಕೆಮ್ಮು ಹೇಗಿದೆ? ಮಾತ್ರೆ ಬಿಡಬೇಡ. ಎಷ್ಟು ಕೋಪವಿದ್ದರೂ ನೀನು ಕೆಮ್ಮಿದರೆ ನನಗೆ ನಿದ್ದೆ ಬರುವುದಿಲ್ಲ, ಅದೇ ನನ್ನ ಗ್ರಹಚಾರ.

ಇಂತಿ,
ನೀನೇ ಹೆಸರಿಟ್ಟು ಕರೆಯುತ್ತಿದ್ದ
ಸೂಜಿಮೆಣಸು

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅಮ್ಮ ಹೋದ ದಿನ ಬೆಳಗ್ಗೆ ನಿಮ್ಮನ್ನು ಕರೆಸಲು ಹೊತ್ತು ಸಿಗಲಿಲ್ಲ ಎಂದದ್ದು ಸುಳ್ಳು. ಅಮ್ಮನಿಗೆ ಪೂರ್ತಿ ಎಚ್ಚರವಿತ್ತು, ಕಿಟಕಿಯ ಪರದೆ ಸರಿಸು ಎಂದಳು, ಬಾಯಿಗೆ ನೀರು ಹಾಕಿಸಿಕೊಂಡಳು. ನೀನೂ ಪುಟ್ಟನೂ ಆರಾಮಾಗಿ ಬಂದು ತಲುಪುವಷ್ಟು ಹೊತ್ತಿತ್ತು. ನಾನು ಫೋನ್ ಕೈಗೆತ್ತಿಕೊಂಡಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದು, "ಕರೀಬೇಡ. ಅವರು ಬಂದ್ರೆ ನಾನು ಮತ್ತೆ ಇಬ್ಬರಲ್ಲಿ ಒಬ್ಬನ್ನ ಬಿಡ್ಬೇಕು. ಯಾರೂ ಬರೋದು ಬೇಡ" ಎಂದಳು. ನಾನು ಫೋನನ್ನು ಕೆಳಗಿಟ್ಟೆ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಭಾನುವಾರ ನೀನು ನನ್ನ ಕಡೆ ಕೈ ತೋರಿಸಿ ಎಬ್ಬಿಸಿದರೆ ನನ್ನ ಹತ್ತಿರ ಹೇಳುವುದಕ್ಕಿರುವುದು ಇದೊಂದೇ.